ಲೈಸೆನ್ಸ್ ನಂಬರ್ ಕೇಳುವ ಊರಿನಲ್ಲಿ

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬರ ಮನೆಯ ಕಟ್ಟಡದ ಕೆಲಸ ಹಿಡಿಯುವಾಗ, ಕೂಲಿ ಸಾಮಾನು ಎಲ್ಲ ಸೇರಿ ಲೆಕ್ಕ ಸಾವಿರ ಡಾಲರ್ ಮುಟ್ಟಿತೆಂದರೆ ರಾಜ್ಯದ ಲೈಸೆನ್ಸ್ ಇರಲೇಬೇಕು. 2024ರ ಕೊನೆಯವರೆಗೆ ಈ ಮಿತಿ ಐನೂರೇ ಡಾಲರ್ ಇತ್ತು. ಸಾವಿರದೊಳಗಿನ ಕೆಲಸವಾದರೂ ಅದಕ್ಕೆ ಊರಿನ ಪರ್ಮಿಟ್ ಬೇಕಿದ್ದರೆ, ಇಲ್ಲವೇ ಜೊತೆಗೊಬ್ಬ ಆಳನ್ನು ಇಟ್ಟುಕೊಂಡರೆ ವಿನಾಯಿತಿ ಸಿಗುವುದಿಲ್ಲ.

ದಾವಣಗೆರೆಯಲ್ಲಿ ಸಿವಿಲ್ ಓದಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ದುಡಿದು ಇಲ್ಲಿಗೆ ಬಂದವನು ನಾನು. ನಮ್ಮ ಕಡೆ ಲೋಕೋಪಯೋಗಿ ಇಲಾಖೆಯ ಟೆಂಡರಿಗೆ ಹೋಗುವವರಿಗೆ ದರ್ಜೆವಾರು ನೋಂದಣಿ ಉಂಟು. ಕ್ಲಾಸ್ ವನ್ ಕಾಂಟ್ರಾಕ್ಟರ್ ಅಂದರೆ ಊರಲ್ಲಿ ಒಂದು ತೂಕ. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಬಂದ ಮೇಲೆ ದೊಡ್ಡ ಪ್ರಾಜೆಕ್ಟುಗಳೂ ನೋಂದಣಿಯಾಗಬೇಕು. ಆದರೆ ಮೂವತ್ತು ನಲವತ್ತರ ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಹಿಡಿಯುವುದು ಪರಿಚಯದ ಮೇಲೆ. ಭಾವನ ಮನೆ ಕಟ್ಟಿದವನು, ಪಕ್ಕದ ಬೀದಿಯವನು, ನಮ್ಮ ಕಡೆಯವನು. ಪರಿಚಯ ಕೆಲಸ ಕೊಡಿಸುತ್ತದೆ, ನಿಜ. ತಾರಸಿ ಸೋರಲು ಶುರುವಾದಾಗ ಜವಾಬ್ದಾರಿ ಹೊರುವವರು ಯಾರು ಎಂಬುದಕ್ಕೆ ಪರಿಚಯದಲ್ಲಿ ಉತ್ತರವಿಲ್ಲ. ಇಲ್ಲಿನ ಲೈಸೆನ್ಸ್ ವ್ಯವಸ್ಥೆ ನನಗೆ ಹಿಡಿಸಿದ್ದು ಅದಕ್ಕೇ.

ಲೈಸೆನ್ಸ್ ಕೊಡುವುದು ಸ್ಯಾಕ್ರಮೆಂಟೊದಲ್ಲಿರುವ ಕಾಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್, ಸ್ಥಾಪನೆಯಾದದ್ದು 1929ರಲ್ಲಿ. ಕಟ್ಟಡದ ಜನರಲ್ ಕಾಂಟ್ರಾಕ್ಟರಿಗೆ ಬೇಕಾದದ್ದು 'ಬಿ' ವರ್ಗದ ಲೈಸೆನ್ಸ್. ಹಿಂದಿನ ಹತ್ತು ವರ್ಷಗಳಲ್ಲಿ ನಾಲ್ಕು ವರ್ಷ ಆ ಕೆಲಸದಲ್ಲಿ ನುರಿತವನಾಗಿರಬೇಕು, ಹಾಗೆಂದು ಕಣ್ಣಾರೆ ಕಂಡವರೊಬ್ಬರು ಸಹಿ ಹಾಕಿ ದೃಢೀಕರಿಸಬೇಕು. ಎಂಜಿನಿಯರಿಂಗ್ ಪದವಿಗೆ ಮೂರು ವರ್ಷದವರೆಗೆ ಲೆಕ್ಕ ಹಿಡಿಯುತ್ತಾರೆ. ಒಂದು ವರ್ಷವಾದರೂ ಸೈಟಿನ ಅನುಭವ ಬೇಕೇ ಬೇಕು. ನಾನು ಸ್ಯಾನ್ ಹೋಸೆಯ ಕಾಂಟ್ರಾಕ್ಟರೊಬ್ಬರ ಕೈಕೆಳಗೆ ಫೋರ್‌ಮನ್ ಆಗಿದ್ದೆ. ಸಹಿ ಹಾಕಿದವರು ಅವರೇ. ಹಾಕುವ ಮೊದಲು ಅವರು ಫಾರಂ ಅನ್ನು ಮೇಜಿನ ಮೇಲೆ ಹರಡಿಕೊಂಡು, ಪಾಯ, ಮರದ ಚೌಕಟ್ಟು, ಛಾವಣಿ ಎಂದು ಒಂದೊಂದು ಸಾಲಿಗೂ ಯಾವ ಮನೆ, ಯಾವ ವರ್ಷ ಎಂದು ಕೇಳಿ, ತಮ್ಮ ಹಳೆಯ ಡೈರಿ ತೆಗೆದು ತಾಳೆ ನೋಡಿದರು. ಸುಳ್ಳು ದೃಢೀಕರಣ ಅವರ ಲೈಸೆನ್ಸಿಗೇ ಕುತ್ತು. ಆ ಎಚ್ಚರ ಕಂಡು ನನಗೆ ಅವರ ಮೇಲಿದ್ದ ಗೌರವ ಹೆಚ್ಚಿತು.

ಬೆರಳಚ್ಚು ಕೊಡಬೇಕು. ಪರೀಕ್ಷೆ ಎರಡು, ಒಂದು ಕಾನೂನು ಮತ್ತು ವ್ಯವಹಾರ, ಇನ್ನೊಂದು ಕಸುಬಿನದು. ಕಸುಬಿನದು ನಮಗೆ ಕಷ್ಟವಲ್ಲ. ಕಾನೂನಿನ ಪುಸ್ತಕವನ್ನು ಮಾತ್ರ ಕೂತು ಓದಲೇಬೇಕು. ಐದಡಿ ಆಳದ ಕಂದಕಕ್ಕೆ ಇಳಿಯುವವರಿಗೆ ಮಣ್ಣು ಕುಸಿಯದ ಹಾಗೆ ಯಾವ ರಕ್ಷಣೆ ಕೊಡಬೇಕು, ಮನೆಯವರು ಕರಾರು ರದ್ದು ಮಾಡಲು ಎಷ್ಟು ದಿನದ ಅವಕಾಶ, ಇಂಥವೆಲ್ಲ ಅದರಲ್ಲಿವೆ. ಆಮೇಲೆ ಇಪ್ಪತ್ತೈದು ಸಾವಿರ ಡಾಲರಿನ ಬಾಂಡ್. 2023ಕ್ಕೆ ಮುಂಚೆ ಅದು ಹದಿನೈದು ಸಾವಿರ ಇತ್ತು. ಬಾಂಡ್ ಅಂದರೆ ವಿಮೆ ಎಂದು ಎಷ್ಟೋ ಮನೆಯವರು ತಿಳಿದಿರುತ್ತಾರೆ. ಅಲ್ಲ. ನಾನು ಕೆಲಸ ಕೆಡಿಸಿ ಬಾಂಡ್ ಕಂಪನಿ ಮನೆಯವರಿಗೆ ದುಡ್ಡು ಕಟ್ಟಿದರೆ, ಅದನ್ನು ಅವರು ನನ್ನಿಂದಲೇ ವಸೂಲಿ ಮಾಡುತ್ತಾರೆ. ಅಲ್ಲದೆ ಆ ಮೊತ್ತ ಒಂದೊಂದು ಮನೆಗೂ ಬೇರೆಬೇರೆಯಲ್ಲ, ನನ್ನ ಮೇಲಿನ ದೂರುಗಳಿಗೆಲ್ಲ ಸೇರಿ ಅಷ್ಟೇ.

'ಬಿ' ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಕೆಲಸವನ್ನೂ ಹಿಡಿಯಬಹುದು ಎಂದೇನಿಲ್ಲ. ಮರಗೆಲಸ ಬಿಟ್ಟು ಬೇರೆಯಾದರೆ, ಒಂದು ಕರಾರಿನಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ಕಸುಬಾದರೂ ಇರಬೇಕು. ಸ್ನಾನದ ಮನೆ ಒಡೆದು ಕಟ್ಟಿಕೊಡಿ ಎಂದರೆ ಸರಿ, ನಲ್ಲಿ, ಟೈಲ್ಸ್, ವಿದ್ಯುತ್ ಎಲ್ಲ ಬಂತು. ಬರೀ ವೈರಿಂಗ್ ಬದಲಿಸಿ ಎಂದರೆ ಅದು 'ಸಿ-10' ಲೈಸೆನ್ಸಿನವರ ಕೆಲಸ, ನಾನು ಒಪ್ಪುವ ಹಾಗಿಲ್ಲ.

ನಮ್ಮವರ ಜೊತೆಗಿನ ವ್ಯವಹಾರದಲ್ಲಿ ಈ ಕಾನೂನು ಮೊದಲು ಮುಜುಗರ ತಂದದ್ದು ಮುಂಗಡದ ವಿಷಯದಲ್ಲಿ. ಸನ್ನಿವೇಲ್‌ನ ಮೈಸೂರು ಕಡೆಯ ದಂಪತಿ ಅಡುಗೆಮನೆಯ ಕೆಲಸ ಒಪ್ಪಿಸಿದ ಸಂಜೆ, ಕಾಫಿ ಲೋಟದ ಪಕ್ಕ ಹತ್ತು ಸಾವಿರದ ಚೆಕ್ ಬರೆದಿಟ್ಟರು. ಮನೆ ರಿಪೇರಿಗೆ ಇಲ್ಲಿ ಮುಂಗಡ ಪಡೆಯಬಹುದಾದದ್ದು ಒಟ್ಟು ಮೊತ್ತದ ಹತ್ತು ಪರ್ಸೆಂಟ್ ಅಥವಾ ಸಾವಿರ ಡಾಲರ್, ಯಾವುದು ಕಡಿಮೆಯೋ ಅದು. ಮುಂದಿನ ಕಂತುಗಳು ಆದ ಕೆಲಸವನ್ನು ಮೀರಬಾರದು. "ನಿಮ್ಮ ಮೇಲೆ ನಂಬಿಕೆ ಇದೆ, ಇಟ್ಟುಕೊಳ್ಳಿ" ಎಂದು ಯಜಮಾನರು ಒತ್ತಾಯಿಸಿದರು. ನಂಬಿಕೆ ಇದ್ದರೂ ತಗೊಳ್ಳೋ ಹಾಗಿಲ್ಲ ಎಂದು ಚೆಕ್ ಹರಿಸಿ ಸಾವಿರಕ್ಕೆ ಬರೆಸಿಕೊಂಡೆ. ಸಾಮಾನಿಗೆ ಕೈಯಿಂದ ಹಾಕುವಷ್ಟು ಬಂಡವಾಳ ಇಲ್ಲದವರು ಈ ಕಸುಬಿಗೆ ಇಳಿಯುವುದು ಕಷ್ಟ, ಒಪ್ಪುತ್ತೇನೆ. ಆದರೆ ಮುಂಗಡ ನುಂಗಿ ಮಾಯವಾಗುವ ದಾರಿಯನ್ನು ಇಷ್ಟು ಸರಳವಾಗಿ ಮುಚ್ಚುವ ಇನ್ನೊಂದು ನಿಯಮ ನಾನು ಕಂಡಿಲ್ಲ.

ಇನ್ನೊಂದು ಕಷ್ಟ, "ನಿಮ್ಮ ಲೈಸೆನ್ಸ್ ಮೇಲೆ ನಾವು ಕೆಲಸ ಮಾಡ್ತೀವಿ, ನಿಮಗಿಷ್ಟು ಅಂತ ಕೊಡ್ತೀವಿ" ಎಂದು ಕೇಳಿಕೊಂಡು ಬರುವವರದು. ಒಬ್ಬರ ಹೆಸರಿನ ಲೈಸೆನ್ಸಿನಲ್ಲಿ ಇನ್ನೊಬ್ಬರು ಕೆಲಸ ಮಾಡುವುದನ್ನು ಊರಲ್ಲೂ ನೋಡಿದ್ದೇನೆ. ಇಲ್ಲಿ ಕಂಪನಿಯೊಂದಕ್ಕೆ ನೌಕರನಾಗಿ ಲೈಸೆನ್ಸಿನ ಅರ್ಹತೆ ಒದಗಿಸುವವನು ವಾರಕ್ಕೆ 32 ಗಂಟೆಯೋ, ಕಂಪನಿ ನಡೆಯುವ ಹೊತ್ತಿನ ಶೇಕಡಾ 80ರಷ್ಟೋ ಅಲ್ಲಿ ದುಡಿಯಲೇಬೇಕು. ಹೆಸರು ಮಾತ್ರ ಕೊಟ್ಟು ಮನೆಯಲ್ಲಿ ಕೂರುವುದು ಅಪರಾಧ. ಬೇಕಾದವರೇ ಬಂದು ಕೇಳಿದಾಗಲೂ ಆಗುವುದಿಲ್ಲ ಎಂದಿದ್ದೇನೆ; ಒಂದೆರಡು ಕಡೆ ಮಾತು ನಿಂತದ್ದೂ ಉಂಟು.

ಲೈಸೆನ್ಸ್ ಇಲ್ಲದವನಿಗೆ ಇಲ್ಲಿನ ಕಾನೂನು ಕೊಡುವ ಪೆಟ್ಟು ಜುಲ್ಮಾನೆಗಿಂತ ದೊಡ್ಡದು. ವ್ಯವಹಾರ ಮತ್ತು ವೃತ್ತಿ ಸಂಹಿತೆಯ 7031ನೇ ಕಲಮಿನ ಪ್ರಕಾರ ಅವನು ಕೂಲಿಗಾಗಿ ಕೋರ್ಟಿಗೆ ಹೋಗುವಂತಿಲ್ಲ. ಅಷ್ಟೇ ಅಲ್ಲ, ಕೆಲಸ ಎಷ್ಟೇ ಚೆನ್ನಾಗಿದ್ದರೂ ಮನೆಯವರು ತಾವು ಕೊಟ್ಟ ಹಣವನ್ನೂ ವಾಪಸ್ ಕೇಳಬಹುದು. ಕೆಲಸದ ನಡುವೆ ಲೈಸೆನ್ಸ್ ತಪ್ಪಿದರೂ ಇದೇ ಗತಿ. ನನಗೆ ಗೊತ್ತಿದ್ದ ಕಾಂಟ್ರಾಕ್ಟರೊಬ್ಬರು ಬಾಂಡಿನ ಕಂತು ಕಟ್ಟಲಿಲ್ಲ. ಬಾಂಡ್ ರದ್ದಾಯಿತು, ಅದರ ಹಿಂದೆಯೇ ಲೈಸೆನ್ಸ್ ಅಮಾನತಾಯಿತು. ಆಗ ಅವರ ಕೈಯಲ್ಲಿ ಅರ್ಧ ಎದ್ದ ಒಂದು ಮನೆ ಇತ್ತು. ಮುಂದೆ ಲೆಕ್ಕದಲ್ಲಿ ತಕರಾರು ಬಂದಾಗ ಮನೆಯವರ ವಕೀಲರು ಕೇಳಿದ್ದು ಅಮಾನತಾದ ತಾರೀಖೊಂದನ್ನೇ. ಇಷ್ಟು ಕಠಿಣ ಬೇಕೇ ಎಂದು ಅನ್ನಿಸುತ್ತದೆ, ಬೆವರಿನ ದುಡ್ಡಲ್ಲವೇ ಅದು. ಬಾಂಡು, ಕಾರ್ಮಿಕರ ವಿಮೆ, ಎರಡು ವರ್ಷಕ್ಕೊಮ್ಮೆ ಬರುವ ನವೀಕರಣ, ಈ ಮೂರರ ತಾರೀಖುಗಳನ್ನು ನಾನು ಆಫೀಸಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಹಾಕಿದ್ದೇನೆ.

ಮನೆ ಕಟ್ಟಿಸುವವರಿಗೆ ಹೇಳುವುದೂ ಒಂದಿಷ್ಟಿದೆ. ಕರಾರಿನಲ್ಲಿ, ಜಾಹೀರಾತಿನಲ್ಲಿ ಲೈಸೆನ್ಸ್ ನಂಬರ್ ಇರಲೇಬೇಕು. ಅದನ್ನು ಬೋರ್ಡಿನ ಜಾಲತಾಣದಲ್ಲಿ ಹಾಕಿ ನೋಡಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಬಾಂಡ್ ಇದೆಯೇ, ಕಾರ್ಮಿಕರ ವಿಮೆ ಇದೆಯೇ, ಶಿಸ್ತು ಕ್ರಮ ಆಗಿದೆಯೇ ಎಲ್ಲ ಪುಕ್ಕಟೆ ಗೊತ್ತಾಗುತ್ತದೆ. ಕನ್ನಡ ಕೂಟದಲ್ಲಿ ಪಕ್ಕ ಕೂತು ಹೋಳಿಗೆ ಉಂಡವನಾದರೂ ಸರಿ, ನೋಡಿಯೇ ಕೆಲಸ ಕೊಡಿ. ನನ್ನದನ್ನೂ ನೋಡಿ. ನನಗೆ ಅದರಿಂದ ಬೇಸರವಿಲ್ಲ.

ಕೊನೆಯ ಕಂತಿನ ಹೊತ್ತಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ನೀವು ನನಗೆ ಪೂರ್ತಿ ಹಣ ಕೊಟ್ಟಿದ್ದರೂ, ಟೈಲ್ಸ್ ಅಂಗಡಿಗೋ ಪ್ಲಂಬರಿಗೋ ನಾನು ಕೊಡದಿದ್ದರೆ ಅವರು ನಿಮ್ಮ ಮನೆಯ ಮೇಲೆ ಹಕ್ಕು ದಾಖಲಿಸಬಹುದು. ಆ ಹಕ್ಕು ಕಾಯ್ದುಕೊಳ್ಳಲೆಂದೇ ಅವರು ತಾವು ಕೆಲಸವನ್ನೋ ಸಾಮಾನಿನ ಪೂರೈಕೆಯನ್ನೋ ಶುರು ಮಾಡಿದ ಇಪ್ಪತ್ತು ದಿನದೊಳಗೆ ನಿಮಗೊಂದು ನೋಟಿಸ್ ಕಳಿಸುತ್ತಾರೆ. ಅದು ಬಂದ ಕೂಡಲೇ ಗಾಬರಿಯಾಗಿ ಫೋನ್ ಮಾಡುವವರೇ ಹೆಚ್ಚು. ಅದು ಜಗಳದ ನೋಟಿಸ್ ಅಲ್ಲ, ಎತ್ತಿಡಿ. ಯಾರ ಹಣ ತೀರಬೇಕು ಎಂಬ ಪಟ್ಟಿ ಅದರಿಂದಲೇ ಸಿಗುತ್ತದೆ. ಕೊನೆಯ ಚೆಕ್ ಕೈಬಿಡುವ ಮುನ್ನ ಆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಂದಲೂ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ತರಿಸಿಕೊಡುವಂತೆ ಕಾಂಟ್ರಾಕ್ಟರನ್ನು ಕೇಳಿ.