ಮೊದಲು ನಲ್ಲಿ, ಆಮೇಲೆ ಆಸ್ಪತ್ರೆ

ದಾವಣಗೆರೆಯಲ್ಲಿ ಕಣ್ಣಿನ ವಿಭಾಗದ ನರ್ಸ್ ಆಗಿ ಎಷ್ಟೋ ವರ್ಷ ದುಡಿದಿದ್ದೇನೆ. ಸುಣ್ಣ ಬಿದ್ದ ಕಣ್ಣು ಬಂತೆಂದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಆಸಿಡ್ಡು ಬಹುಮಟ್ಟಿಗೆ ಮೇಲ್ಪದರವನ್ನು ಸುಟ್ಟು, ಹೆಪ್ಪುಗಟ್ಟಿಸಿ, ಅಲ್ಲೇ ತಡೆಯುತ್ತದೆ. ಸುಣ್ಣ, ಕಾಸ್ಟಿಕ್ ಸೋಡಾದಂಥ ಕ್ಷಾರಗಳು ಪದರವನ್ನೇ ಕರಗಿಸುತ್ತ ಒಳಗೆ ಇಳಿಯುತ್ತವೆ.

ಹರಿಹರದಿಂದ ಒಬ್ಬ ತಾಯಿ ಪುಟ್ಟ ಮಗನನ್ನು ಎತ್ತಿಕೊಂಡು ಬಂದಿದ್ದರು. ಅಜ್ಜಿಯ ಎಲೆಅಡಿಕೆ ಸಂಚಿಯ ಸುಣ್ಣದ ಪಾಕೀಟನ್ನು ಹುಡುಗ ಹಿಚುಕಿದ್ದ; ಅದು ಒಡೆದು ಕಣ್ಣಿಗೇ ಸಿಡಿದಿತ್ತು. ಹರಳೆಣ್ಣೆ ಬಿಟ್ಟು, ಬಟ್ಟೆ ಕಟ್ಟಿ ಬಸ್ಸು ಹತ್ತಿದ್ದರು. ‘ನೀರು ಹಾಕಲಿಲ್ವೇನಮ್ಮಾ?’ ಎಂದೆ. ‘ಸುಣ್ಣಕ್ಕ ನೀರು ಬಿದ್ರ ಕುದಿತೈತಲ್ರೀ ಸಿಸ್ಟರ್!’

ಅವರ ಭಯಕ್ಕೆ ಕಾರಣವಿತ್ತು. ಸುಟ್ಟ ಸುಣ್ಣದ ಕಲ್ಲು ನೀರು ಕಂಡರೆ ಕುದಿಯುವುದು ನಿಜ. ಆದರೆ ಪಾಕೀಟಿನಲ್ಲಿರುವುದು ಆಗಲೇ ನೀರು ಕುಡಿದು ಅರಳಿದ ಸುಣ್ಣ. ಇನ್ನು ಒಣ ಪುಡಿಯೇ ಬಿದ್ದಿದ್ದರೂ ಮುಖದ ಮೇಲಿನದನ್ನು ಒರೆಸಿ, ಕಣ್ಣಿಗೆ ಧಾರಾಳ ನೀರು ಹರಿಸುವುದೇ ದಾರಿ.

ನೋವಿಲ್ಲದಂತೆ ಮಾಡುವ ಹನಿ ಬಿಟ್ಟು, ಡ್ರಿಪ್ ನಳಿಕೆಯಿಂದ ಸಲೈನ್ ಹರಿಸತೊಡಗಿದೆವು. ಡಾಕ್ಟರು ಮೇಲಿನ ರೆಪ್ಪೆಯನ್ನು ಎರಡು ಸಲ ಮಡಚಿದಾಗ ಒಳಮೂಲೆಯಲ್ಲಿ ಗಂಜಿಯಂತೆ ಸುಣ್ಣ ಮೆತ್ತಿಕೊಂಡಿತ್ತು. ಅದನ್ನು ಹತ್ತಿಯ ಕಡ್ಡಿಯಿಂದ ತೆಗೆಯದೆ ಎಷ್ಟು ತೊಳೆದರೂ ಉಪಯೋಗವಿಲ್ಲ. ಪಿಎಚ್ ಕಾಗದ ಏಳರ ಆಸುಪಾಸಿಗೆ ಬರುವವರೆಗೂ ತೊಳೆಯಬೇಕು; ನಿಲ್ಲಿಸಿ ಐದು-ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಒಳಗಿಳಿದ ಕ್ಷಾರ ಹೊರಗೆ ಜಿನುಗುತ್ತಿರುತ್ತದೆ.

‘ಕಣ್ಣು ಕೆಂಪಾಗಿಲ್ಲ, ಬೆಳ್ಳಗೇ ಐತಲ್ಲ’ ಎಂದು ಸಮಾಧಾನಪಡುವವರನ್ನು ಕಂಡಾಗ ಸಂಕಟವಾಗುತ್ತದೆ. ಕ್ಷಾರ ರಕ್ತನಾಳಗಳನ್ನೇ ಸುಟ್ಟಾಗಲೂ ಕಣ್ಣು ಹೀಗೆ ಬಿಳುಚಿಕೊಳ್ಳುತ್ತದೆ. ಕಾರ್ನಿಯಾದ ಸುತ್ತಲಿನ ಅಂಚಿನಲ್ಲಿರುವ ಕಾಂಡಕೋಶಗಳು ಸತ್ತರೆ ಅದರ ಮೇಲ್ಪದರ ಮತ್ತೆ ಸರಿಯಾಗಿ ಬೆಳೆಯದು. ಆಗ ಬರೀ ಕಾರ್ನಿಯಾ ಕಸಿಯೂ ಸಾಲದು.

ಆ ಹುಡುಗನ ದೃಷ್ಟಿ ಉಳಿಯಿತು, ಕಾರ್ನಿಯಾದ ಅಂಚಿನಲ್ಲಿ ಕಲೆಯೂ ಉಳಿಯಿತು.

ಚನ್ನಗಿರಿ ಕಡೆ ಅಡಿಕೆಗೆ ಬೋರ್ಡೋ ದ್ರಾವಣ ಕಲಸುವವರು, ಗೋಡೆಗೆ ಸುಣ್ಣ ಬಳಿಯುವವರು, ಕಕ್ಕಸು ತೊಳೆಯಲು ಆಸಿಡ್ ಬಳಸುವವರು ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಏನೇ ಸಿಡಿದರೂ ಎಣ್ಣೆ, ಎದೆಹಾಲು, ನಿಂಬೆರಸ ಯಾವುದೂ ಬೇಡ. ರೆಪ್ಪೆ ಬಿಡಿಸಿ ಹಿಡಿದು, ನಲ್ಲಿಯದೋ ಕೊಡದ್ದೋ ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಹರಿಸಿ. ಆಮೇಲೆ ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೊರಡಿ. ಸಿಡಿದ ವಸ್ತುವಿನ ಪಾಕೀಟನ್ನೋ ಬಾಟಲಿಯನ್ನೋ ಜೊತೆಗೆ ತನ್ನಿ.