ನಿರೂಪಕ ಕಂಪನಿ ಕಟ್ಟಿದಾಗ: ಮೈಸೂರಿನಿಂದ ಒಂಬತ್ತು ಪಾಠಗಳು

ಟಿವಿಯಲ್ಲಿ ನಾಲ್ಕು ಜನ ಗುರುತು ಹಿಡಿಯುವಷ್ಟು ಹೆಸರಾದ ನಿರೂಪಕರು ನಮ್ಮ ಆಫೀಸಿಗೆ ಬಂದರೆ ಸಾಮಾನ್ಯವಾಗಿ ಕೇಳುವುದು ಒಂದೇ: "ಸರ್, ಇನ್ನು ನಾನೇ ಒಂದು ಪ್ರೊಡಕ್ಷನ್ ಶುರು ಮಾಡಬಹುದಾ?" ಮೈಸೂರಿನ ಕೇಬಲ್ ಚಾನೆಲ್‌ನಲ್ಲಿ ಮೈಕ್ ಹಿಡಿದು, ಆಮೇಲೆ ಚಾನೆಲ್‌ಗಳಿಗೆ ಕಾರ್ಯಕ್ರಮ ಮಾಡಿಕೊಡುವ ಸಣ್ಣ ಸಂಸ್ಥೆ ಕಟ್ಟಿದವನು ನಾನು. ಹಾಗಾಗಿ ಆ ಪ್ರಶ್ನೆ ಕೇಳುವವರ ಆಸೆಯೂ ಗೊತ್ತು, ಅಳುಕೂ ಗೊತ್ತು. ಖಂಡಿತ ಶುರು ಮಾಡಬಹುದು. ಆದರೆ ಜನ ಮೆಚ್ಚಿದ ಮುಖದಿಂದ ಕಂಪನಿಯ ಬಾಗಿಲು ತೆರೆಯುತ್ತದೆಯೇ ಹೊರತು ಕಂಪನಿ ನಡೆಯುವುದಿಲ್ಲ. ನಡೆಯುವುದು ತಂಡದಿಂದ, ಒಪ್ಪಂದದಿಂದ, ಲೆಕ್ಕದಿಂದ. ನನ್ನ ಕೆಲಸದಿಂದಲೂ ನಮ್ಮ ಊರಿನ, ನಾಡಿನ ಚರಿತ್ರೆಯಿಂದಲೂ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ನಾಟಕ ಕಂಪನಿಯ ಚರಿತ್ರೆ ಓದಿ

ಮುಂದೆ ನಿಂತು ಜನರನ್ನು ರಂಜಿಸುವವನೇ ಹಿಂದೆ ನಿಂತು ಸಂಬಳ ಕೊಡುವ ಪದ್ಧತಿ ಟಿವಿಯಿಂದ ಬಂದದ್ದಲ್ಲ. ಎಂ.ವಿ. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಮೈಸೂರಿನ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಹೀಗೆಯೇ ನಡೆಸಿದರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದಲ್ಲಿ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ. ಮುಂದೆ ಅವರ ರಂಗದ ಮೇಲೆ ಗೆದ್ದಿದ್ದ 'ಭೂಕೈಲಾಸ' 1940ರಲ್ಲಿ ತೆಲುಗು ಸಿನಿಮಾ ಆಯಿತು. ನಾಯ್ಡು ಅವರ ಮಗ ನಟ ಲೋಕೇಶ್. ಲೋಕೇಶ್ ಮತ್ತು ಗಿರಿಜಾ ಲೋಕೇಶ್ ಅವರ ಮಗ ಸೃಜನ್ ಲೋಕೇಶ್, ನಿರೂಪಕನಾಗಿ ಹೆಸರು ಮಾಡಿ 'ಲೋಕೇಶ್ ಪ್ರೊಡಕ್ಷನ್ಸ್' ಕಟ್ಟಿದವರು. ಒಂದೇ ಮನೆಯ ಮೂರು ತಲೆಮಾರಿನಲ್ಲಿ ರಂಗಭೂಮಿ, ಸಿನಿಮಾ, ಟಿವಿ ಮೂರೂ ಬಂದುಹೋದವು.

'ಭೂಕೈಲಾಸ'ದಿಂದ ಕಲಿಯಬೇಕಾದದ್ದು ಇಷ್ಟು: ಸಿನಿಮಾದವರ ಕೈಗೆ ಹೋಗುವ ಮೊದಲೇ ಆ ಕಥೆ ಊರೂರಿನ ಪ್ರೇಕ್ಷಕರ ಮುಂದೆ ತಿದ್ದಿಕೊಂಡಿತ್ತು. ನೀವೂ ಚಾನೆಲ್‌ಗೆ ಬರೀ ಕಲ್ಪನೆ ಹೊತ್ತುಕೊಂಡು ಹೋಗಬೇಡಿ. ಕಾಲೇಜಿನ ವೇದಿಕೆಯಲ್ಲೋ ಗಣೇಶೋತ್ಸವದ ಪೆಂಡಾಲಿನಲ್ಲೋ ಜನರ ಮುಂದೆ ಆಡಿಸಿ ನೋಡಿ, ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು ಎಂದು ಗಮನಿಸಿ, ತಿದ್ದಿ, ಆಮೇಲೆ ಪೈಲಟ್ ಎಪಿಸೋಡ್ ಮಾಡಿ.

2. ಮೊದಲು ನಿರೂಪಣೆ ಮಾಗಲಿ

ಸೃಜನ್ ಹಲವು ಶೋಗಳಲ್ಲಿ ನಿರೂಪಣೆ ಮಾಡಿ, 2014ರ ಬಿಗ್ ಬಾಸ್ ಎರಡನೇ ಸೀಸನ್ ಮುಗಿಸಿ, 2015ರ ಫೆಬ್ರುವರಿಯಲ್ಲಿ ತಮ್ಮದೇ ಸಂಸ್ಥೆಯಿಂದ 'ಮಜಾ ಟಾಕೀಸ್' ಎಂಬ ಹಾಸ್ಯ ಶೋ ಶುರು ಮಾಡಿದರು. ಕ್ವಿಜ್ ನಿರೂಪಕ ಸಿದ್ಧಾರ್ಥ ಬಸು ಅವರನ್ನೂ ನೆನೆಯಿರಿ. 1985ರಲ್ಲಿ ದೂರದರ್ಶನದ 'ಕ್ವಿಜ್ ಟೈಮ್' ಅವರನ್ನು ಮನೆಮನೆಗೆ ಪರಿಚಯಿಸಿತು, ಅವರ ಸಿನರ್ಜಿ ಕಮ್ಯುನಿಕೇಷನ್ಸ್ ಸಂಸ್ಥೆ ಬಂದದ್ದು ಆಮೇಲೆ.

ಈ ಕಾಯುವಿಕೆಯಲ್ಲಿ ಅರ್ಥವಿದೆ. ಬೇರೆಯವರ ಸೆಟ್ಟಿನಲ್ಲಿ ದುಡಿಯುವಾಗ ಕ್ಯಾಮೆರಾ ಎಲ್ಲಿಡುತ್ತಾರೆ, ಅತಿಥಿ ತಡವಾದರೆ ಮ್ಯಾನೇಜರ್ ಏನು ಮಾಡುತ್ತಾನೆ, ಅರ್ಧ ಗಂಟೆಯ ಸ್ಲಾಟ್‌ನಲ್ಲಿ ನಮಗೆ ಸಿಗುವುದು ಎಷ್ಟು ನಿಮಿಷ ಎಂಬುದೆಲ್ಲ ಪುಕ್ಕಟೆಯಾಗಿ ಕಲಿಯಲು ಸಿಗುತ್ತದೆ. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಹಾಗಾಗಿ ಅರ್ಧ ಗಂಟೆ ಎಂದರೆ 24 ನಿಮಿಷ ಅಥವಾ ಅದಕ್ಕೂ ಕಡಿಮೆ. ಆ ಅಳತೆ ಮೈಗೆ ಹತ್ತಿದ ನಿರೂಪಕ ಎಡಿಟಿಂಗ್ ಟೇಬಲ್ಲಿನಲ್ಲಿ ದಿನಗಟ್ಟಲೆ ಸಮಯ ಉಳಿಸುತ್ತಾನೆ.

3. ಪಕ್ಕದಲ್ಲಿ ಗಟ್ಟಿಗರನ್ನು ನಿಲ್ಲಿಸಿಕೊಳ್ಳಿ

ಸ್ವಂತ ಕಂಪನಿ ಎಂದ ಕೂಡಲೇ ಫ್ರೇಮಿನ ತುಂಬ ತಾನೇ ಇರಬೇಕೆಂಬ ಆಸೆ ಬರುತ್ತದೆ. 'ಮಜಾ ಟಾಕೀಸ್' ಹಾಗೆ ಮಾಡಲಿಲ್ಲ. ಶ್ವೇತಾ ಚೆಂಗಪ್ಪ, ಕುರಿ ಪ್ರತಾಪ್, ಅಪರ್ಣಾ, ಮಂಡ್ಯ ರಮೇಶ್ ಹೀಗೆ ಒಬ್ಬೊಬ್ಬರಿಗೂ ಒಂದು ಪಾತ್ರ, ಒಬ್ಬೊಬ್ಬರಿಗೂ ಬೇರೆ ಬೇರೆ ಲಯ. ಮಂಡ್ಯ ರಮೇಶ್ ಮೈಸೂರಿನಲ್ಲಿ 'ನಟನ' ರಂಗಶಾಲೆ ಕಟ್ಟಿದವರು. ಅಪರ್ಣಾ ಅಂತೂ ಅಚ್ಚ ಕನ್ನಡದ ನಿರೂಪಣೆಗೆ ಇನ್ನೊಂದು ಹೆಸರಾಗಿದ್ದವರು. ಅಷ್ಟು ಗಂಭೀರ ದನಿಯವರು ಈ ಶೋನಲ್ಲಿ ವರಲಕ್ಷ್ಮಿ ಎಂಬ ಪಾತ್ರವಾಗಿ ನಗಿಸಿದಾಗ ನಾಡಿಗೆ ನಾಡೇ ಬೆರಗಾಯಿತು. 2024ರಲ್ಲಿ ಅವರು ತೀರಿಕೊಂಡಾಗ ಜನ ಆ ದನಿಯ ಜೊತೆಗೆ ವರಲಕ್ಷ್ಮಿಯನ್ನೂ ನೆನೆದರು. ಒಬ್ಬ ನಿರೂಪಕನ ಕಂಪನಿ ಇನ್ನೊಬ್ಬ ನಿರೂಪಕಿಗೆ ಹೊಸ ಬಾಳು ಕೊಡಬಲ್ಲದು ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಬಂದ ಮೊದಲ ಹಣದಲ್ಲಿ ಕ್ಯಾಮೆರಾ ಕೊಳ್ಳಬೇಡಿ, ಅದು ಬಾಡಿಗೆಗೆ ಸಿಗುತ್ತದೆ. ಒಳ್ಳೆಯ ಬರಹಗಾರ, ನಂಬಿಕಸ್ಥ ಪ್ರೊಡಕ್ಷನ್ ಮ್ಯಾನೇಜರ್, ತಾಳ್ಮೆಯ ಎಡಿಟರ್, ಈ ಮೂವರಿಗೆ ತಿಂಗಳ ಸಂಬಳ ನಿಗದಿ ಮಾಡಿ.

4. ಸಹಿಗೆ ಮುನ್ನ ಹಕ್ಕಿನ ಪುಟ ಓದಿ

ಎಲ್ಲ ಪಾಠಗಳಲ್ಲಿ ಇದು ಮುಖ್ಯವಾದದ್ದು. ಚಾನೆಲ್ ಎಪಿಸೋಡಿಗೆ ಇಷ್ಟು ಎಂದು ಹಣ ಕೊಟ್ಟು ಕಾರ್ಯಕ್ರಮ ಮಾಡಿಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದರ ಮೊದಲ ಹಕ್ಕುದಾರ ಹಣ ಕೊಟ್ಟು ಮಾಡಿಸಿದವರೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಇದನ್ನೇ. ಅಂದರೆ ಸುಮ್ಮನಿದ್ದರೆ ಹಕ್ಕು ಹೋದಂತೆಯೇ. ಬೇಕಾದದ್ದನ್ನು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಬೇಕು.

ಪೂರ್ತಿ ಹಕ್ಕು ಹೊಸ ಸಂಸ್ಥೆಗೆ ಸಿಗುವುದಿಲ್ಲ, ನಿಜ. ಆದರೆ ಕೇಳಬಹುದಾದ ತುಂಡುಗಳು ಅನೇಕ: ಫಾರ್ಮ್ಯಾಟ್ ಯಾರದು, ಪಾತ್ರಗಳ ಹೆಸರು ಯಾರದು, ಬೇರೆ ಭಾಷೆಗೆ ಹೋದರೆ ಪಾಲು ಎಷ್ಟು, ವೇದಿಕೆಯಲ್ಲಿ ಅದನ್ನೇ ಪ್ರದರ್ಶಿಸಬಹುದೇ, ಯೂಟ್ಯೂಬ್ ಆದಾಯ ಯಾರಿಗೆ, ಮರುಪ್ರಸಾರಕ್ಕೆ ಏನು ಕೊಡುತ್ತಾರೆ. ಒಂದೊಂದೇ ಕೇಳಿ. ಆರರಲ್ಲಿ ಎರಡು ಸಿಕ್ಕರೂ ನಾಳೆಗೆ ಅದೇ ಆಸ್ತಿ.

ಅಮೆರಿಕದ ಟಾಕ್ ಶೋ ನಿರೂಪಕ ಮರ್ವ್ ಗ್ರಿಫಿನ್ ಇದಕ್ಕೆ ಒಳ್ಳೆಯ ನಿದರ್ಶನ. ಅವರು 1964ರಲ್ಲಿ 'ಜೆಪರ್ಡಿ', 1975ರಲ್ಲಿ 'ವೀಲ್ ಆಫ್ ಫಾರ್ಚೂನ್' ಎಂಬ ಆಟಗಳನ್ನು ಹುಟ್ಟುಹಾಕಿದರು. ಎರಡನ್ನೂ ಮುಂದೆ ನಿಂತು ನಡೆಸಿದವರು ಬೇರೆ ನಿರೂಪಕರು. 1986ರಲ್ಲಿ ತಮ್ಮ ಸಂಸ್ಥೆಯನ್ನು ಕೋಕಾ ಕೋಲಾ ಕಂಪನಿಗೆ 25 ಕೋಟಿ ಡಾಲರಿಗೆ ಮಾರಿದರು. ಅಷ್ಟು ಬೆಲೆ ಬಂದದ್ದು ಆಟಗಳ ಒಡೆತನಕ್ಕೆ. ನಮ್ಮಲ್ಲಿ 2000ದಲ್ಲಿ ಬಸು ಅವರ ಸಿನರ್ಜಿ ತಯಾರಿಸಿದ 'ಕೌನ್ ಬನೇಗಾ ಕರೋಡ್‌ಪತಿ' ದೇಶವನ್ನೇ ಟಿವಿ ಮುಂದೆ ಕೂರಿಸಿತು, ಆದರೆ ಫಾರ್ಮ್ಯಾಟ್ ಬ್ರಿಟನ್ನಿನದು. ಬೇರೆಯವರ ಫಾರ್ಮ್ಯಾಟಿನಿಂದ ಹೆಸರು ಬರುತ್ತದೆ, ದುಡಿಮೆಯೂ ಸಿಗುತ್ತದೆ. ಕಂಪನಿಗೆ ತನ್ನದೆನ್ನುವ ಒಂದು ಕೃತಿಯೂ ಇರಬೇಕು.

5. ಹಣ ತಡವಾಗಿಯೇ ಬರುತ್ತದೆ ಎಂದು ಲೆಕ್ಕ ಹಾಕಿ

ಮೈಸೂರಿನ ಪ್ರಸಾರ ಚರಿತ್ರೆ ಶುರುವಾಗುವುದೇ ಒಬ್ಬರ ಸ್ವಂತ ದುಡ್ಡಿನಿಂದ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದು ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟರು. ಕೆಲವು ವರ್ಷಗಳ ಬಳಿಕ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಅಂಥ ಧೀಮಂತರ ಕನಸಿಗೂ ಒಂದು ಹಂತದಲ್ಲಿ ಹಿಂದೆ ಖಜಾನೆ ಬೇಕಾಯಿತು.

ನಮ್ಮ ಕೆಲಸದಲ್ಲಿ ಲೈಟ್‌ಮನ್‌ಗೆ, ಮೇಕಪ್‌ನವರಿಗೆ ಬಾಟಾ ಅಂದಂದೇ ಕೊಡಬೇಕು. ಚಾನೆಲ್‌ನಿಂದ ಪೇಮೆಂಟ್ ಬರುವುದು ಪ್ರಸಾರವಾಗಿ ತಿಂಗಳುಗಳ ಮೇಲೆ. ಬಿಲ್ ಹಾಕಿದ ತಿಂಗಳ ಲೆಕ್ಕಕ್ಕೇ 18 ಪರ್ಸೆಂಟ್ ಜಿಎಸ್‌ಟಿ ಕಟ್ಟುವ ಹೊಣೆ ಬೀಳುತ್ತದೆ, ಹಣ ಕೈಗೆ ಬಂದಿರಲಿ, ಬಿಡಲಿ. ಬರುವಾಗಲೂ ಟಿಡಿಎಸ್ ಮುರಿದುಕೊಂಡೇ ಬರುತ್ತದೆ. ಆದ್ದರಿಂದ ಕನಿಷ್ಠ ಮೂರು ತಿಂಗಳ ಶೂಟಿಂಗ್ ಖರ್ಚು ಕೈಯಲ್ಲಿಲ್ಲದೆ ವಾರದ ಶೋ ಒಪ್ಪಿಕೊಳ್ಳಬೇಡಿ. ಮನೆಯ ಖಾತೆ, ಕಂಪನಿಯ ಖಾತೆ ಮೊದಲ ದಿನದಿಂದಲೇ ಬೇರೆ ಇರಲಿ. ನಿರೂಪಣೆಗೆ ನಿಮಗೆ ನೀವೇ ಸಂಬಳ ಬರೆದುಕೊಳ್ಳಿ. ಇಲ್ಲದಿದ್ದರೆ ಶೋ ಲಾಭದಲ್ಲಿದೆಯೇ ಎಂಬುದು ನಿಮಗೇ ತಿಳಿಯುವುದಿಲ್ಲ.

6. ಸೆಟ್ಟಿಗೆ ಕಾಲಿಟ್ಟ ಕೂಡಲೇ ಹೊರಗೆ ಹೋಗುವ ದಾರಿ ನೋಡಿ

1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ 'ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿತ್ತು. 62 ಜನ ಸತ್ತರು. ನಾಯಕ ನಟನೂ ನಿರ್ದೇಶಕನೂ ಆಗಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದರು. ಗೋಡೆಗೆ ಗೋಣಿತಾಟು, ಸಡಿಲ ವೈರಿಂಗ್, ಗಾಳಿಯಾಡದ ಒಳಾಂಗಣ, ದೊಡ್ಡ ಲೈಟುಗಳ ಕಾವು, ಬೆಂಕಿ ಆರಿಸಲು ಸಾಲದ ಸಲಕರಣೆ, ಇವೆಲ್ಲ ಆಮೇಲೆ ಪಟ್ಟಿಯಾದ ಕಾರಣಗಳು. ಒಂದೊಂದನ್ನೂ ಮೊದಲೇ ಸರಿಪಡಿಸಬಹುದಾಗಿತ್ತು.

ಈ ಊರಿನಲ್ಲಿ ಸೆಟ್ ಹಾಕುವ ಯಾರೂ ಆ ದಿನವನ್ನು ಮರೆಯಬಾರದು. ನಮ್ಮ ಕಡೆ ನಿಯಮಗಳು ಹೀಗಿವೆ: ಎರಡು ಬಾಗಿಲು ತೆರೆದೇ ಇರಬೇಕು, ಎದುರಿಗೆ ಟ್ರಂಕ್ ಇಡಬಾರದು. ವೈರಿಂಗನ್ನು ಎಲೆಕ್ಟ್ರಿಷಿಯನ್ ನೋಡಿ ಸಹಿ ಹಾಕದೆ ಲೈಟ್ ಹೊತ್ತಿಸುವಂತಿಲ್ಲ. ಜನರೇಟರಿನ ಲೋಡ್ ಮೊದಲೇ ಲೆಕ್ಕ ಹಾಕಿರಬೇಕು. ಒಳಾಂಗಣದಲ್ಲಿ ಪಟಾಕಿ, ಪಂಜು ಇಲ್ಲ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕ ನಿಲ್ಲಲೆಂದೇ ಒಬ್ಬ ಇರಬೇಕು, ಅವನಿಗೆ ಬೇರೆ ಕೆಲಸ ಹೇಳಬಾರದು. ಜೂನಿಯರ್ ಕಲಾವಿದರೂ ಸೇರಿದಂತೆ ಯೂನಿಟ್‌ನ ಎಲ್ಲರಿಗೂ ವಿಮೆ ಇರಬೇಕು. ಬಜೆಟ್ ಕಡಿಮೆಯಾದರೆ ಸೆಟ್ ಚಿಕ್ಕದು ಮಾಡಿ, ಈ ಖರ್ಚಿಗೆ ಕೈ ಹಚ್ಚಬೇಡಿ. ಒಡೆಯ ತಾನೇ ಕ್ಯಾಮೆರಾ ಮುಂದಿರುವಾಗ ಅವನಿಗೆ ಇದೆಲ್ಲ ಕಾಣುವುದಿಲ್ಲ. ಅದಕ್ಕೇ "ಶೂಟಿಂಗ್ ನಿಲ್ಲಿಸಿ" ಎನ್ನುವ ಅಧಿಕಾರ ಇನ್ನೊಬ್ಬರ ಕೈಯಲ್ಲಿರಲಿ.

7. ಮೈಸೂರಿನ ಬಲ ಬಳಸಿಕೊಳ್ಳಿ

ಚಾನೆಲ್‌ಗಳ ಆಫೀಸು ಬೆಂಗಳೂರಿನಲ್ಲಿ, ಹಾಗಾಗಿ ಮೀಟಿಂಗ್‌ಗೆ ಅಲ್ಲಿಗೆ ಓಡಾಟ ತಪ್ಪದು. 2023ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ಆ ಓಡಾಟ ಹಗುರಾಗಿದೆ. ನಂಜನಗೂಡು ತಾಲ್ಲೂಕಿನ ಹಿಮ್ಮಾವಿನ ಫಿಲ್ಮ್ ಸಿಟಿಯ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ರಂಗಾಯಣ, ನಟನ, ಕಾಲೇಜುಗಳ ರಂಗತಂಡಗಳಿಂದ ಮಾತು ಸ್ಪಷ್ಟವಿರುವ, ಸಮಯಕ್ಕೆ ಬರುವ ಕಲಾವಿದರು ಇಲ್ಲಿ ಸಿಗುತ್ತಾರೆ. ಈ ಸಂಪತ್ತು ಎಲ್ಲ ಊರಿಗೂ ಇಲ್ಲ.

ದಸರೆಯ ಸುತ್ತಮುತ್ತ ಹೊರಾಂಗಣ ಶೂಟಿಂಗ್ ಇಟ್ಟುಕೊಳ್ಳಬೇಡಿ. ರೂಮು ಸಿಗದು, ರಸ್ತೆಗಳು ಮುಚ್ಚಿರುತ್ತವೆ, ಪೊಲೀಸರಿಗೆ ಪುರಸೊತ್ತಿರದು. ಭಾನುವಾರ ಸಂಜೆ ಅರಮನೆಗೆ ದೀಪ ಹಾಕುವ ಹೊತ್ತಿನಲ್ಲೂ ಆ ಸುತ್ತ ಜನವೋ ಜನ. ಪಾರಂಪರಿಕ ಕಟ್ಟಡಗಳಿಗೆ ಅನುಮತಿ ಬಹಳ ಮುಂಚೆಯೇ ಕೇಳಿ, ಕೊಟ್ಟ ಷರತ್ತನ್ನು ಅಕ್ಷರಶಃ ಪಾಲಿಸಿ. ನೀವು ಗೋಡೆಗೆ ಹೊಡೆದ ಒಂದು ಮೊಳೆಗೆ ಮುಂದಿನ ತಂಡ ಬೆಲೆ ತೆರಬೇಕಾಗುತ್ತದೆ.

8. ಮಾಡಿದ್ದನ್ನು ಉಳಿಸಿಡಿ

ಮೊದಲ ಪಾಠದಲ್ಲಿ ಹೇಳಿದ 'ಸತಿ ಸುಲೋಚನಾ'ದ ಪ್ರತಿ ಇವತ್ತು ಎಲ್ಲೂ ಇಲ್ಲ. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ ಆ ಮುಖಗಳು ನಮಗೆ ಬರೀ ಸ್ಥಿರಚಿತ್ರಗಳಲ್ಲಿ ಉಳಿದಿವೆ. ಇದು ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿ. ಪ್ರತಿ ಎಪಿಸೋಡಿನ ಫುಟೇಜ್ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ಎರಡು ಬೇರೆ ಕಟ್ಟಡಗಳಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ನೋಡಿ, ಹಳೆಯದಾದರೆ ಹೊಸದಕ್ಕೆ ಇಳಿಸಿ. ಯಾವ ಎಪಿಸೋಡಿನಲ್ಲಿ ಯಾರು ಬಂದಿದ್ದರು, ಏನು ಹೇಳಿದರು ಎಂಬ ಪಟ್ಟಿ ಕನ್ನಡದಲ್ಲೇ ಬರೆದಿಡಿ. ಹಕ್ಕು ಚಾನೆಲ್‌ನದೇ ಆಗಿದ್ದರೂ ಒಂದು ಪ್ರತಿ ಇಟ್ಟುಕೊಳ್ಳಲು ಒಪ್ಪಂದದಲ್ಲೇ ಅನುಮತಿ ಪಡೆಯಿರಿ.

9. ಇನ್ನೊಬ್ಬರ ಕೈಗೆ ಮೈಕ್ ಕೊಡಿ

ನಿರೂಪಕನಿಗೆ ಇದೇ ಕಠಿಣ. ಹೆಸರಾಂತ ನಿರೂಪಕರಾಗಿದ್ದ ಬಸು 'ಕರೋಡ್‌ಪತಿ'ಯಲ್ಲಿ ಕ್ಯಾಮೆರಾದ ಹಿಂದೆ ನಿಂತರು, ಕುರ್ಚಿಯಲ್ಲಿ ಅಮಿತಾಭ್ ಬಚ್ಚನ್ ಕೂತರು. ಅಮೆರಿಕದ ಟಾಕ್ ಶೋ ನಿರೂಪಕಿ ಓಪ್ರಾ ವಿನ್‌ಫ್ರೇ 1986ರಲ್ಲಿ ಶಿಕಾಗೊದಲ್ಲಿ 'ಹಾರ್ಪೊ' ಸಂಸ್ಥೆ ಆರಂಭಿಸಿ, ಎರಡು ವರ್ಷಗಳ ಮೇಲೆ ತಮ್ಮ ಶೋ ಅನ್ನು ಅದರ ಸ್ವಾಧೀನಕ್ಕೆ ತಂದರು. ಆಮೇಲೆ ಹಾರ್ಪೊ 'ಡಾಕ್ಟರ್ ಫಿಲ್', 'ಡಾಕ್ಟರ್ ಆಜ್' ಮೊದಲಾದ ಬೇರೆ ಮುಖಗಳ ಶೋಗಳನ್ನೂ ಬೆಳೆಸಿತು. 2011ರಲ್ಲಿ ಓಪ್ರಾ ತಮ್ಮ ಶೋ ನಿಲ್ಲಿಸಿದರು, ಸಂಸ್ಥೆ ನಿಲ್ಲಲಿಲ್ಲ. ಲೋಕೇಶ್ ಪ್ರೊಡಕ್ಷನ್ಸ್ 2019ರಲ್ಲಿ 'ಎಲ್ಲಿದ್ದೆ ಇಲ್ಲಿ ತನಕ' ಸಿನಿಮಾ ಮಾಡಿದ್ದೂ ಒಂದೇ ಶೋ ನಂಬಿ ಕೂರದಿರುವ ಪ್ರಯತ್ನವೇ.

ಅದಕ್ಕೇ ನಮ್ಮಲ್ಲಿಗೆ ಬರುವವರಿಗೆ ಕೊನೆಯಲ್ಲಿ ಒಂದು ಕೆಲಸ ಹೇಳುತ್ತೇನೆ. ಕಂಪನಿಯ ಹೆಸರು ನೋಂದಾಯಿಸುವ ಮೊದಲು ಒಂದು ಹಾಳೆಯಲ್ಲಿ, ನೀವು ಕ್ಯಾಮೆರಾ ಮುಂದೆ ಇಲ್ಲದ ಎರಡು ಕಾರ್ಯಕ್ರಮಗಳನ್ನು ಬರೆಯಿರಿ. ಯಾರು ನಿರೂಪಿಸುತ್ತಾರೆ, ಯಾರು ಬರೆಯುತ್ತಾರೆ, ಹಕ್ಕು ಯಾರದು, ಮೊದಲ ಮೂರು ತಿಂಗಳ ಹಣ ಎಲ್ಲಿಂದ ಎಂದು ನಮೂದಿಸಿ. ಆ ಹಾಳೆ ತುಂಬಿದರೆ ಧೈರ್ಯವಾಗಿ ಶುರು ಮಾಡಿ, ಮೈಸೂರಿಗೆ ಅಂಥ ಕಂಪನಿಗಳು ಬೇಕು. ತುಂಬದಿದ್ದರೆ ಇನ್ನೊಂದು ವರ್ಷ ನಿರೂಪಣೆ ಮಾಡುತ್ತ, ಆ ಹಾಳೆ ತುಂಬಬಲ್ಲ ಜನರನ್ನು ಹುಡುಕಿ.