ನಿರ್ಬಂಧಿತ ದತ್ತಸಂಚಯ ಮತ್ತು ಶಾಸನಶೋಧ

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ (1905) ಅಂದಿನ ಕೋಲಾರ ಜಿಲ್ಲೆಯದು. 2007ರಲ್ಲಿ ಬೇರ್ಪಟ್ಟ ಜಿಲ್ಲೆಗೆ ಸೇರಿದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳೂ ಅದರಲ್ಲಿವೆ. ಮುದ್ರಿತ ಸಂಪುಟವನ್ನು ಆದ್ಯಂತ ತಿರುವಿಹಾಕಬಹುದು. ಅದೇ ಸಾಮಗ್ರಿ ಗಣಕದ ದತ್ತಸಂಚಯವಾಗಿ, ಊರಿನ ಅಥವಾ ಅರಸನ ಹೆಸರನ್ನು ಕೊಟ್ಟಲ್ಲದೆ ತೆರೆಯದಂತಿದ್ದರೆ, ಕೆರೆಯ ನಿರ್ವಹಣೆಗೆ ಬಿಟ್ಟ ಬಿತ್ತುವಟ್ಟಗಳನ್ನು ಅರಸುವವನು ಪ್ರಶ್ನೆಯನ್ನು ನೇರವಾಗಿ ಕೇಳಲಾರ.

ಇಲ್ಲಿ ಡೇಟಾಲಾಗ್‌ನಂತಹ ತರ್ಕಭಾಷೆ ನೆರವಾಗುತ್ತದೆ. ಅದು ಹುಡುಕುವ ಕ್ರಮವನ್ನು ಹೇಳದೆ, ಯಾವುದು ನಿಜವೆಂಬುದನ್ನಷ್ಟೇ ನಿಯಮಿಸುತ್ತದೆ: ಊರು ತಿಳಿದರೆ ಅಲ್ಲಿಯ ಶಾಸನಗಳು ತಿಳಿಯುತ್ತವೆ, ಶಾಸನದಿಂದ ಅದು ಹೆಸರಿಸುವ ಅರಸ, ಅರಸನಿಂದ ಅವನನ್ನು ಹೆಸರಿಸುವ ಇತರ ಶಾಸನಗಳು, ಅವುಗಳ ಊರುಗಳು. ನಿಯಮ ತನ್ನನ್ನೇ ಮರಳಿ ಕರೆಯುತ್ತದೆ. ನಂದಿಯಿಂದ ಹೊರಟರೆ ರಾಷ್ಟ್ರಕೂಟರ ಮೂರನೆಯ ಗೋವಿಂದ, ನೊಳಂಬರು. ಅವರಿಂದ ಬೇರೆ ಊರುಗಳು. ಹೊಸ ಹೆಸರು ದೊರೆಯದಾದಾಗ ಶೋಧ ನಿಲ್ಲುತ್ತದೆ. ಇಂತಹ ಪುನರಾವರ್ತನೆಯಿಂದ, ನಿರ್ಬಂಧದೊಳಗೆ ದೊರೆಯಬಹುದಾದ ಉತ್ತರಗಳೆಲ್ಲವನ್ನೂ ಪಡೆಯಬಹುದೆಂದು ಡುಷ್ಕಾ ಮತ್ತು ಲೆವಿ 1997ರಲ್ಲಿ ತೋರಿಸಿದರು.

ದೊರೆಯಬಹುದಾದುದೆಲ್ಲ ಇರುವುದೆಲ್ಲವಲ್ಲ. ಅರಸನನ್ನು ಹೆಸರಿಸದ, ಒಂಟಿಯಾಗಿ ನಿಂತ ಕೆರೆಶಾಸನ ಈ ಸರಪಳಿಗೆ ಸಿಕ್ಕುವುದೇ ಇಲ್ಲ. ‘ಈ ತಾಲ್ಲೂಕಿನಲ್ಲಿ ಬಿತ್ತುವಟ್ಟವಿಲ್ಲ’ ಎಂದು ಪ್ರಬಂಧದಲ್ಲಿ ಬರೆಯುವುದು ಆಗ ದುಡುಕಿನ ಮಾತಾಗುತ್ತದೆ. ಪರಿಹಾರ ಸರಳ: ಜನಗಣತಿಯ ಗ್ರಾಮಪಟ್ಟಿಯಲ್ಲಿರುವ ಪ್ರತಿಯೊಂದು ಊರೂ ‘ತಿಳಿದ ಊರು’ ಎಂಬ ಇನ್ನೊಂದು ನಿಯಮವನ್ನು ಸೇರಿಸುವುದು. ಆದರೆ ರೈಸ್ ಅವರ ಸಂಪುಟದಲ್ಲಿ ಗೌರಿಬಿದನೂರು ‘ಗೋರಿಬಿದ್ನೂರ್’ ಆಗಿದೆ. ಇಂತಹ ರೂಪಾಂತರಗಳನ್ನು ಮೊದಲು ಹೊಂದಿಸದಿದ್ದರೆ ಆ ನಿಯಮವೂ ಬರಿಗೈಯಲ್ಲೇ ಮರಳುತ್ತದೆ.